ಅಣಬೆ ಬುಟ್ಟಿಯ ಸಂಗೀತಗಾರ

ಕನ್ನಡ ನಿಘಂಟು ತೆರೆದರೆ ‘ಅಣಬೆ’ ಮೊದಲ ಪುಟಗಳಲ್ಲೇ ಸಿಗುತ್ತದೆ. ‘ಸಂಗೀತ’ ಬೇಕೆಂದರೆ ಸಕಾರದವರೆಗೆ ಹಾಳೆ ಮಗುಚುತ್ತಾ ಹೋಗಬೇಕು. ಇಂಗ್ಲಿಷ್ ನಿಘಂಟಿನಲ್ಲಿ ಈ ಎರಡೂ ಅಕ್ಕಪಕ್ಕದ ಮನೆಯವರು. ‘ಮಶ್ರೂಮ್’ ದಾಟಿದ ಕೂಡಲೇ ‘ಮ್ಯೂಸಿಕ್’. ಸಂಗೀತ ಸಂಯೋಜಕರಾದ ನಿಮಗೆ ಕಾಡುಮೇಡು ಅಲೆದು ಅಣಬೆ ಆರಿಸುವ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಿದವರಿಗೆ ಅಮೆರಿಕದ ಜಾನ್ ಕೇಜ್ ಕೊಡುತ್ತಿದ್ದ ಉತ್ತರ ಇಷ್ಟೇ: ನಿಘಂಟಿನಲ್ಲಿ ಎರಡೂ ಹತ್ತಿರ ಇವೆಯಲ್ಲ, ಅದಕ್ಕೆ!

ಕೇಳಿದವರು ನಕ್ಕು ಸುಮ್ಮನಾಗಲಿ ಎಂಬ ಉತ್ತರ ಇದು. ಸುಮ್ಮನಾಗದವರಿಗೆ ಕೇಜ್ ಅವರ ಬದುಕಿನಲ್ಲೇ ಬೇರೆ ಉತ್ತರವಿದೆ.

ಸಂಗ್ರಹದ ಹವ್ಯಾಸ ಎಂದಕೂಡಲೇ ನಮಗೆ ನೆನಪಾಗುವುದು ಅಂಚೆಚೀಟಿ, ಹಳೆಯ ನಾಣ್ಯ, ಗ್ರಾಮೊಫೋನ್ ತಟ್ಟೆ. ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಬಹುದು, ನೆಂಟರು ಬಂದಾಗ ತೆಗೆದು ತೋರಿಸಬಹುದು. ಅಣಬೆಯನ್ನು ಹೇಗೆ ಕೂಡಿಡುವುದು? ಬೆಳಿಗ್ಗೆ ಕಿತ್ತದ್ದು ಸಂಜೆಗೆ ಬಾಡುತ್ತದೆ, ಮರುದಿನಕ್ಕೆ ಹುಳ ಬೀಳುತ್ತದೆ. ಮಸಿ ಅಣಬೆಯ ಜಾತಿಯವಂತೂ ಕೆಲವೇ ಗಂಟೆಗಳಲ್ಲಿ ತಾವೇ ಕರಗಿ ಕಪ್ಪು ಶಾಯಿಯಾಗಿ ತೊಟ್ಟಿಕ್ಕುತ್ತವೆ. ಸ್ವರವೂ ಹೀಗೆಯೇ, ಕಿವಿಗೆ ಬಿದ್ದ ಗಳಿಗೆಯಲ್ಲೇ ಮುಗಿದುಹೋಗುತ್ತದೆ. ಕೈಯಲ್ಲಿ ಉಳಿಯದ ಎರಡು ವಸ್ತುಗಳ ಹಿಂದೆ ಕೇಜ್ ಜೀವಮಾನವಿಡೀ ಓಡಾಡಿದರು.

ಹೊಟ್ಟೆಗಿಲ್ಲದ ದಿನಗಳ ಪರಿಚಯ

ಜಾನ್ ಕೇಜ್ ಹುಟ್ಟಿದ್ದು 1912ರ ಸೆಪ್ಟೆಂಬರ್ 5ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆಗೆ ಹೊಸ ಯಂತ್ರಗಳನ್ನು ಕಂಡುಹಿಡಿಯುವ ಗೀಳು. ಮಗ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಯುರೋಪು ಸುತ್ತಿ ಬರುವ ಹೊತ್ತಿಗೆ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಸಿಕ್ಕಿಕೊಂಡಿತ್ತು. ಕೆಲಸವಿಲ್ಲ, ಕಾಸಿಲ್ಲ. ಸಾಂತಾ ಮೋನಿಕಾದಲ್ಲಿ ಮನೆ ಮನೆಯ ಬಾಗಿಲು ತಟ್ಟಿ, ಆಧುನಿಕ ಸಂಗೀತ ಮತ್ತು ಚಿತ್ರಕಲೆಯ ಬಗ್ಗೆ ಉಪನ್ಯಾಸ ಕೊಡುತ್ತೇನೆಂದು ಗೃಹಿಣಿಯರಿಗೆ ಟಿಕೆಟ್ ಮಾರಿದರು. ಆ ವಾರದ ವಿಷಯವನ್ನು ಆ ವಾರವೇ ಓದಿಕೊಂಡು ಹೋಗಿ ಹೇಳುವ ಮೇಷ್ಟರು!

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದ ಕಾರ್ಮೆಲ್ ಊರಿನ ಒಂದು ಗುಡಿಸಲಿನಲ್ಲಿ ಅವರು ಕೆಲದಿನ ಇದ್ದರು. ಗುಡಿಸಲ ಸುತ್ತ ಅಣಬೆ ಎದ್ದಿದ್ದವು. ಊರಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ನೋಡಿ, ಇವು ತಿನ್ನುವಂಥವೇ ಎಂದು ಖಾತ್ರಿ ಮಾಡಿಕೊಂಡರು. ಬಿಟ್ಟಿ ಸಿಕ್ಕ ಊಟ. ಒಂದು ವಾರ ಬೇರೇನೂ ತಿನ್ನದೆ ಬರೀ ಅಣಬೆಯಲ್ಲೇ ಕಳೆದರು. ವಾರದ ಕೊನೆಗೆ ಸ್ನೇಹಿತರು ಊಟಕ್ಕೆ ಕರೆದರೆ ಅವರ ಮನೆಯವರೆಗೆ ನಡೆಯಲು ಕಾಲಿನಲ್ಲಿ ಕಸುವಿರಲಿಲ್ಲ. ಅಣಬೆಯಿಂದ ಹೊಟ್ಟೆ ತುಂಬುತ್ತದೆ, ಮೈಗೆ ಹಿಡಿಯುವುದಿಲ್ಲ ಎಂಬುದು ಅವರ ಮೊದಲ ಅಣಬೆ ಪಾಠ.

ಆ ಕಾಲದ ದೊಡ್ಡ ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಲಾಸ್ ಏಂಜಲೀಸ್‌ಗೆ ಬಂದಿದ್ದರು. ಕೊಡಲು ಹಣವಿಲ್ಲ ಎಂದ ಕೇಜ್‌ಗೆ, ಬದುಕನ್ನು ಸಂಗೀತಕ್ಕೆ ಕೊಡುತ್ತೀಯಾದರೆ ಕಲಿಸುತ್ತೇನೆ ಎಂದರು. ಕಲಿಸುತ್ತಾ ಕಲಿಸುತ್ತಾ, ಸ್ವರಗಳನ್ನು ಒಂದರ ಮೇಲೊಂದು ಜೋಡಿಸುವ ಹಾರ್ಮನಿ ನಿನಗೆ ಒಲಿದಿಲ್ಲ, ಮುಂದೊಂದು ದಿನ ನೀನು ದಾಟಲಾಗದ ಗೋಡೆಯ ಮುಂದೆ ನಿಲ್ಲುತ್ತೀಯ ಎಂದೂ ಎಚ್ಚರಿಸಿದರು. ಹಾಗಾದರೆ ಆ ಗೋಡೆಗೆ ತಲೆ ಚಚ್ಚಿಕೊಳ್ಳುವುದರಲ್ಲೇ ಬದುಕು ಕಳೆಯುತ್ತೇನೆ ಎಂಬುದು ಶಿಷ್ಯನ ಉತ್ತರ. ಮುಂದೆ ಆದದ್ದೇ ಬೇರೆ. ಗೋಡೆಯ ಪಕ್ಕದಲ್ಲಿ ಕಾಡಿಗೆ ಹೋಗುವ ಕಾಲುದಾರಿ ಇದೆ ಎಂಬುದು ಅವರಿಗೆ ಗೊತ್ತಾಯಿತು.

ಬೋಲ್ಟು, ರಬ್ಬರು, ನವರಸ

1940ರ ಹೊತ್ತಿಗೆ ಕೇಜ್ ಸಿಯಾಟಲ್‌ನ ಕಾರ್ನಿಷ್ ಶಾಲೆಯಲ್ಲಿದ್ದರು. ಸಿವಿಲಾ ಫೋರ್ಟ್ ಎಂಬ ನರ್ತಕಿಯ ಒಂದು ನೃತ್ಯಕ್ಕೆ ತಾಳವಾದ್ಯಗಳ ಮೇಳ ಬೇಕಿತ್ತು. ರಂಗ ಕಿರಿದು. ಒಂದು ಪಿಯಾನೊ ಇಟ್ಟರೆ ಮೇಳಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಹಾಗಾದರೆ ಪಿಯಾನೊವನ್ನೇ ಮೇಳ ಮಾಡೋಣ ಎಂದು ಅದರ ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರಿನ ತುಂಡು ಸಿಕ್ಕಿಸಿದರು. ಒಂದು ಕೀಲಿ ಒತ್ತಿದರೆ ತಮಟೆ, ಇನ್ನೊಂದು ಒತ್ತಿದರೆ ಗಂಟೆ, ಮತ್ತೊಂದಕ್ಕೆ ಮರದ ಟಕಟಕ. ‘ಸಜ್ಜುಗೊಳಿಸಿದ ಪಿಯಾನೊ’ ಹುಟ್ಟಿದ್ದು ಹೀಗೆ.

ಆ ಪಿಯಾನೊಗೆ ಅವರು 1946ರಿಂದ 1948ರವರೆಗೆ ಬರೆದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಕೃತಿಯ ಬೇರು ಇರುವುದು ನಮ್ಮ ರಸಸಿದ್ಧಾಂತದಲ್ಲಿ. ಆನಂದ ಕುಮಾರಸ್ವಾಮಿ ಅವರ ಬರಹ ಓದಿ, ಶೃಂಗಾರದಿಂದ ಹಿಡಿದು ಬೀಭತ್ಸದವರೆಗಿನ ಎಲ್ಲ ರಸಗಳೂ ಕೊನೆಗೆ ಶಾಂತದ ಕಡೆಗೇ ಹರಿಯುತ್ತವೆ ಎಂಬ ಮಾತಿಗೆ ಅವರು ಮಾರುಹೋಗಿದ್ದರು. ಇಪ್ಪತ್ತು ಪುಟ್ಟ ರಚನೆಗಳು. ನುಡಿಸುವ ಮೊದಲು 45 ಸ್ವರಗಳ ತಂತಿಗಳಿಗೆ ಸ್ಕ್ರೂ, ಬೋಲ್ಟು ಕೂರಿಸಲು ಗಂಟೆಗಟ್ಟಲೆ ಬೇಕು.

ಇದೇ ಹೊತ್ತಿಗೆ, 1946ರಲ್ಲಿ, ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಬಂದರು. ಪಾಶ್ಚಾತ್ಯ ಸಂಗೀತದ ಪ್ರಭಾವದಿಂದ ನಮ್ಮ ಸಂಗೀತಕ್ಕೆ ಏನಾಗಿಬಿಡುತ್ತದೋ ಎಂಬ ಆತಂಕ ಅವರದು. ಎದುರಾಳಿಯನ್ನು ಮೊದಲು ಅರಿಯಬೇಕು ಎಂದು ಕಲಿಯಲು ಬಂದಿದ್ದರು. ಕೇಜ್ ಶುಲ್ಕ ಕೇಳಲಿಲ್ಲ. ನಾನು ನಮ್ಮದನ್ನು ಕಲಿಸುತ್ತೇನೆ, ನೀವು ನಿಮ್ಮದನ್ನು ಕಲಿಸಿ ಎಂದರು. ಸಂಗೀತ ಯಾತಕ್ಕೆ ಎಂದು ನಿಮ್ಮ ಗುರು ಹೇಳುತ್ತಿದ್ದರು ಎಂದು ಕೇಳಿದಾಗ ಗೀತಾ ಕೊಟ್ಟ ಉತ್ತರ ಅವರ ಜೊತೆ ಕೊನೆಯವರೆಗೂ ಉಳಿಯಿತು: ಮನಸ್ಸನ್ನು ತಿಳಿಗೊಳಿಸಿ, ದೈವಕ್ಕೆ ಅಲ್ಲಿ ದಾರಿ ಮಾಡಿಕೊಡುವುದಕ್ಕೆ. ಊರಿಗೆ ಹೊರಡುವಾಗ ಗೀತಾ ಒಂದು ಪುಸ್ತಕವನ್ನೂ ಕೊಟ್ಟುಹೋದರು. ಕನ್ನಡದ ಓದುಗರು ‘ಶ್ರೀ ರಾಮಕೃಷ್ಣ ವಚನವೇದ’ ಎಂದು ಬಲ್ಲ ಪುಸ್ತಕದ ಇಂಗ್ಲಿಷ್ ರೂಪ ಅದು. ಅದನ್ನು ಓದುತ್ತಾ ಒಂದು ವರ್ಷ ಕಳೆದೆ ಎಂದು ಕೇಜ್ ಹೇಳಿಕೊಂಡಿದ್ದಾರೆ.

ದೈವದ ಮಾತನ್ನು ಆಮೇಲೆ ಅವರು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡರು. ಸುತ್ತಲೂ ಸದಾ ಆಗುತ್ತಿರುವ ಸದ್ದೇ ದೈವದ ಸುಳಿವು. ಮನಸ್ಸು ತಿಳಿಯಾದರೆ ಅದು ಕೇಳಿಸುತ್ತದೆ. 1950ರ ದಶಕದ ಆರಂಭದಲ್ಲಿ ಜಪಾನಿನ ಡಿ.ಟಿ. ಸುಜುಕಿ ಅವರ ಝೆನ್ ಉಪನ್ಯಾಸಗಳನ್ನು ಕೇಳಿದ ಮೇಲೆ ಈ ದಾರಿ ಇನ್ನಷ್ಟು ನಿಚ್ಚಳವಾಯಿತು.

ಮಳೆ ನುಡಿಸಿದ ಸಂಗೀತ

1951ರಲ್ಲಿ ಕೇಜ್ ಸಂಯೋಜನೆಯ ಪದ್ಧತಿಯನ್ನೇ ಬದಲಿಸಿದರು. ಚೀನೀಯರ ಪ್ರಾಚೀನ ಭವಿಷ್ಯಗ್ರಂಥ ‘ಐ ಚಿಂಗ್’ ಎದುರಿಟ್ಟುಕೊಂಡು, ನಮ್ಮವರು ಕವಡೆ ಹಾಕಿ ನೋಡುವಂತೆ ಮೂರು ನಾಣ್ಯ ಚಿಮ್ಮಿ, ಮುಂದಿನ ಸ್ವರ ಯಾವುದು, ಎಷ್ಟು ಹೊತ್ತು, ಎಷ್ಟು ಜೋರು ಎಂಬುದನ್ನು ತೀರ್ಮಾನಿಸತೊಡಗಿದರು. ‘ಮ್ಯೂಸಿಕ್ ಆಫ್ ಚೇಂಜಸ್’ ಹೀಗೆ ಹುಟ್ಟಿದ ಕೃತಿ. ಅದೇ ವರ್ಷದ ಇನ್ನೊಂದು ಕೃತಿಗೆ ವಾದ್ಯಗಳೇ ಇಲ್ಲ. ಹನ್ನೆರಡು ರೇಡಿಯೊ, ಒಂದೊಂದರ ಕಿವಿ ಹಿಂಡಲು ಇಬ್ಬಿಬ್ಬರು. ಆ ಗಳಿಗೆಯಲ್ಲಿ ಯಾವ ಸ್ಟೇಷನ್ ಏನು ಬಿತ್ತರಿಸುತ್ತಿದೆಯೋ ಅದೇ ಸಂಗೀತ. ನನ್ನ ಇಷ್ಟಾನಿಷ್ಟ ನಡುವೆ ಬರಬಾರದು ಎಂಬುದು ಅವರ ಹಟ.

ಅದೇ ದಿನಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ನಿಶ್ಶಬ್ದ ಕೋಣೆಗೆ ಹೋಗಿದ್ದರು. ಗೋಡೆಗಳು ಸದ್ದನ್ನೆಲ್ಲ ಹೀರಿಬಿಡುವ ಕೋಣೆ. ಅಲ್ಲೂ ಎರಡು ಸದ್ದು ಕೇಳಿಸಿತು. ಒಂದು ತಾರಕ, ಒಂದು ಮಂದ್ರ. ಹೊರಬಂದು ವಿಚಾರಿಸಿದರೆ ಅಲ್ಲಿನ ಇಂಜಿನಿಯರ್, ತಾರಕದ್ದು ನಿಮ್ಮ ನರಮಂಡಲ, ಮಂದ್ರದ್ದು ನಿಮ್ಮ ರಕ್ತದ ಹರಿವು ಎಂದರಂತೆ. ನಿಶ್ಶಬ್ದ ಎಂಬುದು ಎಲ್ಲೂ ಇಲ್ಲ ಎಂಬ ನಂಬಿಕೆ ಗಟ್ಟಿಯಾಯಿತು.

1952ರ ಆಗಸ್ಟ್ 29ರ ಸಂಜೆ. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ ಮರದ ಹಲಗೆಗಳಿಂದ ಕಟ್ಟಿದ ಮ್ಯಾವರಿಕ್ ಸಭಾಂಗಣ. ಹಿಂಬದಿ ಕಾಡಿಗೆ ತೆರೆದುಕೊಂಡಿದೆ. ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಬಂದು ಕೂತರು, ಕೀಲಿಮಣೆಯ ಮೇಲಿನ ಮುಚ್ಚಳ ಎಳೆದರು, ಗಡಿಯಾರ ನೋಡುತ್ತಾ ಕೂತೇ ಇದ್ದರು. 30 ಸೆಕೆಂಡಿನ ಮೊದಲ ಭಾಗ, 2 ನಿಮಿಷ 23 ಸೆಕೆಂಡಿನ ಎರಡನೆಯದು, 1 ನಿಮಿಷ 40 ಸೆಕೆಂಡಿನ ಮೂರನೆಯದು. ಒಂದು ಸ್ವರವನ್ನೂ ನುಡಿಸದೆ ಎದ್ದು ಹೋದರು. ಕೇಜ್ ಅವರ ನೆನಪಿನಲ್ಲಿ, ಮೊದಲ ಭಾಗದಲ್ಲಿ ಹೊರಗೆ ಗಾಳಿ ಬೀಸಿತು. ಎರಡನೆಯದರಲ್ಲಿ ಮಾಡಿನ ಮೇಲೆ ಮಳೆಹನಿ ಟಪಟಪ ಎಂದಿತು. ಮೂರನೆಯದರಲ್ಲಿ ಜನರೇ ಗುಸುಗುಸು ಶುರುಮಾಡಿದರು, ಕೆಲವರು ಎದ್ದು ನಡೆದರು. ಇದು ‘4′33″’. ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಬೈಸಿಕೊಂಡ, ಅತಿ ಹೆಚ್ಚು ಚರ್ಚೆಗೊಳಗಾದ ಕೃತಿಗಳಲ್ಲೊಂದು.

ಕಾಡಿನಲ್ಲಿ ನಾಣ್ಯ ಚಿಮ್ಮುವಂತಿಲ್ಲ

ಎರಡು ವರ್ಷದ ನಂತರ, 1954ರಲ್ಲಿ, ಕೇಜ್ ಮ್ಯಾನ್‌ಹಟನ್ ಬಿಟ್ಟು ಉತ್ತರಕ್ಕಿರುವ ಸ್ಟೋನಿ ಪಾಯಿಂಟ್ ಎಂಬ ಕಾಡಂಚಿನ ಊರಿಗೆ ಹೋದರು. ಕಲಾವಿದರು ಕೂಡಿ ಕಟ್ಟುತ್ತಿದ್ದ ಸಹಕಾರಿ ವಸತಿ ಅದು. ಮನೆಗಳು ಇನ್ನೂ ಎದ್ದಿರಲಿಲ್ಲವಾಗಿ ಎಲ್ಲರೂ ಒಂದು ಸಣ್ಣ ತೋಟದ ಮನೆಯಲ್ಲಿ ಒತ್ತೊತ್ತಾಗಿ ಇರಬೇಕಾಯಿತು. ಒಂಟಿಯಾಗಿರುವುದು ರೂಢಿಯಾಗಿದ್ದ ಕೇಜ್‌ಗೆ ಉಸಿರು ಕಟ್ಟಿದಂತಾಗಿ ಕಾಡಿಗೆ ನಡೆದರು. ಆಗಸ್ಟ್ ತಿಂಗಳು. ಕಾಲಿಟ್ಟಲ್ಲೆಲ್ಲ ಅಣಬೆ, ಹಳದಿ, ಕೆಂಪು, ನೇರಳೆ. ಕಾರ್ಮೆಲ್‌ನ ಹಳೆಯ ಪರಿಚಯ ಮತ್ತೆ ಕುದುರಿತು.

ಹೊಸತರಲ್ಲೇ ಒಂದು ಪೆಟ್ಟೂ ಬಿತ್ತು. ತಿನ್ನುವ ಸೊಪ್ಪೆಂದುಕೊಂಡು ಕಾಡಿನಿಂದ ತಂದ ಎಲೆಗಳನ್ನು ಬೇಯಿಸಿ ಸ್ನೇಹಿತರಿಗೂ ಬಡಿಸಿ ತಾವೂ ಉಂಡರು. ಅದು ನೋಡಲು ಅದೇ ಥರ ಇರುವ ಹೆಲೆಬೋರ್ ಎಂಬ ವಿಷಸೊಪ್ಪು. ರಾತ್ರಿ ವಾಂತಿ ಹತ್ತಿ, ರಕ್ತದೊತ್ತಡ ಪಾತಾಳಕ್ಕಿಳಿದು, ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆಸಿಕೊಂಡು ಬದುಕಿದರು. ನಾಣ್ಯ ಚಿಮ್ಮಿ ಸ್ವರ ಆರಿಸುವ ಮನುಷ್ಯನಿಗೆ ಅಲ್ಲಿ ಸಿಕ್ಕ ಪಾಠ ನೇರವಾಗಿತ್ತು. ಸಂಗೀತದಲ್ಲಿ ಆಕಸ್ಮಿಕಕ್ಕೆ ಬಾಗಿಲು ತೆರೆದಿಡಬಹುದು, ಅಣಬೆಯಲ್ಲಿ ಹಾಗೆ ಮಾಡಿದರೆ ಸಾಯುತ್ತೇನೆ ಎಂದು ಅವರೇ ಮುಂದೆ ಹೇಳುತ್ತಿದ್ದರು.

ಕೇಜ್ ಗುರುವನ್ನು ಹುಡುಕಿಕೊಂಡರು. ಗೈ ನಿಯರಿಂಗ್ ಸಸ್ಯಗಳನ್ನು ಬೆಳೆಸುವ ಕಸುಬಿನವರು. ಅಣಬೆ ಮತ್ತು ಕಲ್ಲುಹೂವಿನ ವಿಷಯದಲ್ಲಿ ಪಂಡಿತರು. ಅವರ ಹಿಂದೆ ಕಾಡು ಸುತ್ತಿ ಕೇಜ್ ಕಲಿತದ್ದು ನಿಧಾನದ, ಕಣ್ಣು ನೆಟ್ಟು ನೋಡುವ ವಿದ್ಯೆ.

ಆ ವಿದ್ಯೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಉದಾಹರಣೆ ಸಾಕು. ತರಕಾರಿ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಿಳಿಯ ಬಟನ್ ಅಣಬೆ ನಮಗೆಲ್ಲ ಗೊತ್ತು. ಅಮೆರಿಕದ ಕಾಡುಗಳಲ್ಲಿ ಏಳುವ ಅಮಾನಿಟಾ ಜಾತಿಯ ಅಚ್ಚಬಿಳಿಯ ಅಣಬೆಯ ಎಳಸು ಕೂಡ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಆದರೆ ಅದನ್ನು ತಿಂದವರ ಯಕೃತ್ತು ಕೆಟ್ಟುಹೋಗುತ್ತದೆ. ತಿಂದ ಕೂಡಲೇ ಏನೂ ಆಗುವುದಿಲ್ಲ. ಎಷ್ಟೋ ಗಂಟೆಗಳ ನಂತರ ವಾಂತಿಭೇದಿ, ಮಧ್ಯೆ ಒಂದು ದಿನ ಗುಣವಾದಂತೆ ಅನ್ನಿಸುವುದು, ಆಮೇಲೆ ಕೈಮೀರುವುದು. ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ ನೋಡಿ, ಕಪ್ಪಾದರೆ ವಿಷ ಎಂಬ ಮಾತು ಲೋಕವೆಲ್ಲ ಹಬ್ಬಿದೆ. ಅದನ್ನು ನಂಬಿ ಸತ್ತವರೂ ಇದ್ದಾರೆ.

ಬಲ್ಲವರು ನೋಡುವುದು ಬೇರೆ ಗುರುತು. ಕಾಂಡವನ್ನು ಚಾಕುವಿನಿಂದ ಕೊಯ್ಯುವುದಿಲ್ಲ, ಬುಡದ ಮಣ್ಣು ಕೆದರಿ ಇಡಿಯಾಗಿ ಎತ್ತುತ್ತಾರೆ. ಅಮಾನಿಟಾದ ಬುಡ ಒಂದು ಚೀಲದೊಳಗೆ ಕೂತಿರುತ್ತದೆ. ಕೊಯ್ದರೆ ಆ ಸಾಕ್ಷಿ ಮಣ್ಣಿನಲ್ಲೇ ಉಳಿದುಹೋಗುತ್ತದೆ. ಇನ್ನೊಂದು ಪರೀಕ್ಷೆಗೆ ಒಂದು ರಾತ್ರಿ ಬೇಕು. ಕಾಂಡ ತೆಗೆದು, ಕೊಡೆಯನ್ನು ಮಾತ್ರ ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಮಗುಚದೆ ಇಟ್ಟು, ಮೇಲೊಂದು ಬಟ್ಟಲು ಕವುಚಿ ಮಲಗುವುದು. ಬೆಳಿಗ್ಗೆ ಬಟ್ಟಲೆತ್ತಿ ಕೊಡೆ ಸರಿಸಿದರೆ ಕಾಗದದ ಮೇಲೆ ಧೂಳಿನಲ್ಲಿ ಬರೆದ ಚಕ್ರ. ಕೊಡೆಯ ಕೆಳಗಿನ ಪದರಗಳಿಂದ ಉದುರಿದ ಲಕ್ಷಾಂತರ ಬೀಜಾಣುಗಳು ಒಂದೊಂದು ಗೆರೆಯಾಗಿ ಬಿದ್ದಿರುತ್ತವೆ. ಬಟನ್ ಅಣಬೆಯದು ಚಾಕೊಲೇಟ್ ಕಂದು. ಅಮಾನಿಟಾದ್ದು ಬಿಳಿ. ಬಿಳಿ ಕಾಗದದ ಮೇಲೆ ಮಾತ್ರ ಇಟ್ಟಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಕಪ್ಪು ಕಾಗದ ಅದಕ್ಕೇ.

ಹೆಚ್ಚು ಕಲಿತಷ್ಟೂ ಅಣಬೆಯ ಬಗ್ಗೆ ಧೈರ್ಯ ಕಡಿಮೆಯಾಗುತ್ತದೆ, ಕೈಯಲ್ಲಿರುವ ಇದೊಂದೇ ಅಣಬೆಯನ್ನು ಹೊಸದಾಗಿ ನೋಡಬೇಕಾಗುತ್ತದೆ ಎಂಬುದು ಕೇಜ್ ಅವರ ಅನುಭವ. ಸಂಗೀತದಲ್ಲೂ ಅವರು ಬಯಸಿದ್ದು ಇದನ್ನೇ. ಇದು ಇಂಥ ರಾಗ, ಇದು ಇಂಥ ಗದ್ದಲ ಎಂದು ಹೆಸರಿಟ್ಟು ಮುಗಿಸುವ ಮೊದಲು ಆ ಒಂದು ಸದ್ದನ್ನು ಅದರ ಪಾಡಿಗೆ ಕೇಳುವುದು. ನಾಣ್ಯ ಚಿಮ್ಮುವುದಕ್ಕೂ ಬುಡ ಕೆದರುವುದಕ್ಕೂ ಇರುವ ನಂಟು ಅಲ್ಲಿದೆ: ಎರಡು ಕಡೆಯೂ ‘ನನಗೆ ಗೊತ್ತು’ ಎಂಬುದನ್ನು ಪಕ್ಕಕ್ಕಿಟ್ಟು ಎದುರಿಗಿರುವುದಕ್ಕೆ ಗಮನ ಕೊಡಬೇಕು.

1954ರಲ್ಲಿ ಬರೆದ ಒಂದು ತಮಾಷೆಯ ಪ್ರಬಂಧದಲ್ಲಿ ಅವರು ಈ ಎರಡನ್ನೂ ಬೆಸೆದಿದ್ದಾರೆ. ಯಾವ ಸದ್ದಿಗೆ ಯಾವ ಅಣಬೆ ಏಳುತ್ತದೆ ಎಂದು ಯಾರಾದರೂ ಸಂಶೋಧಿಸಬೇಕು. ಅಣಬೆಗಳೇ ಸದ್ದು ಮಾಡುತ್ತವೆಯೋ ನೋಡಬೇಕು. ಬೀಜಾಣು ನೆಲಕ್ಕುದುರುವಾಗ ಜಾವಾದ ಗಾಮೆಲಾನ್ ಮೇಳದಂಥ ನಾದ ಏಳಬಹುದಲ್ಲವೇ ಎಂದು ಕೇಳುತ್ತಾರೆ. ಕಾಡಿನಲ್ಲಿ ಒಬ್ಬರೇ ನಿಂತು ತಮ್ಮ ಮೌನದ ಕೃತಿಯನ್ನು ತಮಗೆ ತಾವೇ ‘ನಡೆಸಿಕೊಂಡ’ ವರ್ಣನೆಯೂ ಅಲ್ಲಿದೆ. ಒಂದು ಭಾಗದಲ್ಲಿ ಹತ್ತೇ ಅಡಿ ದೂರದಿಂದ ಜೋಡಿ ಜಿಂಕೆಗಳು ಚಂಗನೆ ನೆಗೆದವಂತೆ.

ಇಪ್ಪತ್ನಾಲ್ಕು ಹೆಸರುಗಳ ಪ್ರಶ್ನೆ

1958ರ ಕೊನೆಗೆ, ಸಂಯೋಜಕ ಲುಚಾನೊ ಬೇರಿಯೊ ಕರೆಯ ಮೇರೆಗೆ ಕೇಜ್ ಇಟಲಿಯ ಮಿಲಾನ್‌ಗೆ ಹೋದರು. ಅಲ್ಲಿನ ರೇಡಿಯೊ ಸ್ಟುಡಿಯೊದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸ. ಕೈಯಲ್ಲಿ ಎಂದಿನಂತೆ ಕಾಸಿಲ್ಲ. ಆಗ ಇಟಲಿಯನ್ನೇ ಹುಚ್ಚೆಬ್ಬಿಸಿದ್ದ ಟೀವಿ ರಸಪ್ರಶ್ನೆ ಕಾರ್ಯಕ್ರಮವೊಂದಿತ್ತು, ‘ಲಾಶಾ ಓ ರಾದೊಪ್ಪಿಯಾ’. ಬಿಡ್ತೀರಾ, ದುಪ್ಪಟ್ಟು ಮಾಡ್ತೀರಾ ಎಂದು ಅದರ ಅರ್ಥ. ಗುರುವಾರ ರಾತ್ರಿ ಅದು ಬರುವ ಹೊತ್ತಿಗೆ ಸಿನಿಮಾ ಮಂದಿರಗಳು ಚಿತ್ರ ನಿಲ್ಲಿಸಿ ಟೀವಿ ಹಚ್ಚುತ್ತಿದ್ದವು. ನಮ್ಮ ‘ಕನ್ನಡದ ಕೋಟ್ಯಧಿಪತಿ’ ಬರುವಾಗ ಮನೆಮಂದಿಯೆಲ್ಲ ಟೀವಿ ಮುಂದೆ ಕೂರುತ್ತಿದ್ದುದನ್ನು ನೆನೆದರೆ ಆ ಕಾವು ಅರ್ಥವಾದೀತು. ಸ್ಪರ್ಧಿ ತನ್ನ ವಿಷಯವನ್ನು ತಾನೇ ಆರಿಸಿಕೊಳ್ಳಬೇಕು. ಕೇಜ್ ಆರಿಸಿಕೊಂಡದ್ದು ಅಣಬೆ.

1959ರ ಆರಂಭದಲ್ಲಿ ವಾರದಿಂದ ವಾರಕ್ಕೆ ಗೆಲ್ಲುತ್ತಾ ಹೋದರು. ನಿರೂಪಕ ಮೈಕ್ ಬೊಂಜೋರ್ನೊಗೆ ಈ ನಗುಮುಖದ ಉದ್ದನೆಯ ಅಮೆರಿಕನ್ ಒಂದು ತಮಾಷೆ. ಕೇಜ್‌ಗೆ ಇದು ಸಂಗೀತ ಕೇಳಿಸಲು ಸಿಕ್ಕ ವೇದಿಕೆ. ಪ್ರಶ್ನೋತ್ತರದ ಜೊತೆಗೆ ತಮ್ಮ ಕೃತಿಗಳನ್ನೂ ನುಡಿಸಿದರು. ಅದಕ್ಕೆಂದೇ ಬರೆದ ‘ವಾಟರ್ ವಾಕ್’ ಎಂಬ ಮೂರು ನಿಮಿಷದ ಕೃತಿಯ ವಾದ್ಯಗಳ ಪಟ್ಟಿ ನೋಡಿ: ನೀರು ತುಂಬಿದ ಸ್ನಾನದ ತೊಟ್ಟಿ, ಪ್ರೆಶರ್ ಕುಕ್ಕರ್, ಮಂಜುಗಡ್ಡೆ, ಮಿಕ್ಸರ್, ರಬ್ಬರ್ ಬಾತುಕೋಳಿ, ಗಿಡಕ್ಕೆ ನೀರು ಹಾಕುವ ಡಬ್ಬಿ, ಐದು ರೇಡಿಯೊ, ಒಂದು ಪಿಯಾನೊ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡುವುದು.

ಕೊನೆಯ ಸುತ್ತು ಬಂತು. ಅಮೆರಿಕದ ಶಿಲೀಂಧ್ರ ವಿಜ್ಞಾನಿ ಆಟ್ಕಿನ್ಸನ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಳಿ ಬೀಜಾಣುವಿನ ಅಣಬೆಗಳ 24 ಬಗೆಗಳನ್ನು ಹೆಸರಿಸಲಾಗಿದೆ, ಅವು ಯಾವುವು? ಕಪ್ಪು ಕಾಗದ ಹಾಸಿ ರಾತ್ರಿ ಕಾದಿದ್ದ ಮನುಷ್ಯನಿಗೆ ಇಂಥ ಪ್ರಶ್ನೆ! ಕೇಜ್ ಒಂದೊಂದಾಗಿ ಹೇಳತೊಡಗಿದರು. ಸಿಕ್ಕಸಿಕ್ಕಂತೆ ಹೇಳಲಿಲ್ಲ, ವರ್ಣಮಾಲೆಯ ಕ್ರಮದಲ್ಲೇ ಹೇಳಿದರು; ಒಂದೂ ತಪ್ಪದೆ ಇಪ್ಪತ್ನಾಲ್ಕೂ ಮುಗಿದವು.

ಬಹುಮಾನ ಸುಮಾರು 50 ಲಕ್ಷ ಲೀರಾ. ಸಂಗೀತದಿಂದ ಆವರೆಗೆ ಒಟ್ಟಿಗೆ ಇಷ್ಟು ಹಣ ಅವರ ಕೈಗೆ ಬಂದಿರಲಿಲ್ಲ. ಆ ಹಣದಲ್ಲಿ ತಮಗೊಂದು ಸ್ಟೈನ್‌ವೇ ಪಿಯಾನೊ, ಜೀವನಸಂಗಾತಿ ಮರ್ಸ್ ಕನಿಂಗ್‌ಹ್ಯಾಮ್ ಅವರ ನೃತ್ಯತಂಡಕ್ಕೆ ಊರೂರು ತಿರುಗಲು ಒಂದು ಫೋಕ್ಸ್‌ವ್ಯಾಗನ್ ವ್ಯಾನು ಕೊಂಡರು. ಅಮೆರಿಕದ ಆಧುನಿಕ ನೃತ್ಯದ ಒಂದು ದೊಡ್ಡ ಅಧ್ಯಾಯ ಅಣಬೆಯ ದುಡ್ಡಿನ ಚಕ್ರದ ಮೇಲೆ ಉರುಳಿತು ಎನ್ನಬಹುದು. ಬೀಳ್ಕೊಡುವಾಗ ಕೇಜ್, ನಾನು ಹೊರಟೆ, ನನ್ನ ಸಂಗೀತ ಇಲ್ಲೇ ಇರುತ್ತದೆ ಎಂದರಂತೆ. ತಿರುವುಮುರುವಾಗಿದ್ದರೆ ಚೆನ್ನಾಗಿತ್ತು, ನೀವಿದ್ದು ಸಂಗೀತ ಹೋಗಿದ್ದರೆ ಎಂದು ಬೊಂಜೋರ್ನೊ ಚಟಾಕಿ ಹಾರಿಸಿದ್ದು ಇಟಲಿಯಲ್ಲಿ ಇಂದಿಗೂ ಪ್ರಸಿದ್ಧ.

ಮರುವರ್ಷ ‘ವಾಟರ್ ವಾಕ್’ ಅನ್ನು ಅಮೆರಿಕದ ಟೀವಿಯಲ್ಲೂ ನುಡಿಸಿದರು. ಸ್ಟುಡಿಯೊದ ಕಾರ್ಮಿಕ ಸಂಘಗಳ ನಡುವೆ ರೇಡಿಯೊಗಳ ಪ್ಲಗ್ಗನ್ನು ಯಾರು ಹಾಕಬೇಕೆಂಬ ಜಗಳ ಹತ್ತಿ ಕೊನೆಗೂ ಅವು ಉಲಿಯಲಿಲ್ಲ. ಕೇಜ್ ತಲೆಕೆಡಿಸಿಕೊಳ್ಳಲಿಲ್ಲ. ಹಚ್ಚಬೇಕಾದಾಗ ರೇಡಿಯೊ ತಲೆಗೆ ಒಂದು ಏಟು. ಆರಿಸಬೇಕಾದಾಗ ಮೇಜಿನಿಂದ ಕೆಳಕ್ಕೆ ದೂಡುವುದು. ಜನ ನಗಬಹುದು ಎಂದು ನಿರೂಪಕ ಮೊದಲೇ ಎಚ್ಚರಿಸಿದಾಗ, ಅಳುವುದಕ್ಕಿಂತ ನಗುವುದು ಮೇಲು ಎಂದಿದ್ದರು.

ಬುಟ್ಟಿ ಹಂಚಿದವರು

ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ಕೇಜ್ ಎರಡು ಪಾಠ ಹೇಳುತ್ತಿದ್ದರು. ಒಂದು ಪ್ರಾಯೋಗಿಕ ಸಂಯೋಜನೆ. ಆ ತರಗತಿಯಲ್ಲಿ ಕೂತ ಅಲನ್ ಕಾಪ್ರೊ, ಜಾರ್ಜ್ ಬ್ರೆಕ್ಟ್ ಮುಂತಾದವರು 1960ರ ದಶಕದ ಕಲೆಯ ದಿಕ್ಕನ್ನೇ ತಿರುಗಿಸಿದರು. ಇನ್ನೊಂದು, ಗೈ ನಿಯರಿಂಗ್ ಜೊತೆ ನಡೆಸಿದ ಅಣಬೆ ಗುರುತಿಸುವ ಪಾಠ. ಅದಕ್ಕೆ ಕೊಠಡಿಯಿಲ್ಲ, ವಾರಾಂತ್ಯದಲ್ಲಿ ನಗರದಾಚೆಯ ಕಾಡೇ ತರಗತಿ. ಆ ಗುಂಪೇ ಬೆಳೆದು 1962ರಲ್ಲಿ ನ್ಯೂಯಾರ್ಕ್ ಮೈಕೊಲಾಜಿಕಲ್ ಸೊಸೈಟಿಯಾಯಿತು. ಇಂದಿಗೂ ಅದರ ಸದಸ್ಯರು ಬುಟ್ಟಿ ಹಿಡಿದು ಪಾರ್ಕು, ಕಾಡು ಸುತ್ತುತ್ತಾರೆ.

ಕೈಖಾಲಿಯಾದಾಗ ಕೇಜ್ ಮತ್ತು ಗೆಳೆಯರು ಆರಿಸಿದ ಕಾಡಣಬೆಗಳು ಮ್ಯಾನ್‌ಹಟನ್ನಿನ ಐಷಾರಾಮಿ ರೆಸ್ಟೊರೆಂಟ್ ‘ಫೋರ್ ಸೀಸನ್ಸ್’ ಅಡುಗೆಮನೆಗೂ ಹೋಗುತ್ತಿದ್ದವು. ಹಿಂದಿನ ರಾತ್ರಿ ಸಭೆಯಲ್ಲಿ ಕೇಜ್ ಅವರ ಕೃತಿಗೆ ಎದ್ದು ಹೋದ ಶ್ರೀಮಂತರು ಮರುದಿನ ಅವರು ಆರಿಸಿದ ಅಣಬೆಯನ್ನು ಚಪ್ಪರಿಸಿರಲಿಕ್ಕೂ ಸಾಕು.

ಹಾಗಾದರೆ ಕೂಡಿಟ್ಟದ್ದು ಏನೂ ಇಲ್ಲವೇ? ಇದೆ. ಅಣಬೆಯ ಪುಸ್ತಕಗಳನ್ನು ಅವರು ಆಸೆಪಟ್ಟು ಸಂಗ್ರಹಿಸಿದರು. ಆ ಇಡೀ ಸಂಗ್ರಹವನ್ನು 1971ರಲ್ಲಿ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಮರುವರ್ಷ ಕಲಾವಿದೆ ಲೋಯಿಸ್ ಲಾಂಗ್ ಅವರ ಚಿತ್ರಗಳು, ಶಿಲೀಂಧ್ರ ತಜ್ಞ ಅಲೆಕ್ಸಾಂಡರ್ ಸ್ಮಿತ್ ಅವರ ಟಿಪ್ಪಣಿಗಳು, ತಮ್ಮ ಕೈಬರಹ ಸೇರಿಸಿ ‘ಮಶ್ರೂಮ್ ಬುಕ್’ ತಂದರು. ಅದರಲ್ಲಿ ಕೆಲವು ಪುಟಗಳ ಬರಹ ಒಂದರ ಮೇಲೊಂದು ಹರಡಿಕೊಂಡಿದೆ. ಎಲೆಗೊಬ್ಬರದಡಿಯಲ್ಲಿ ಅಣಬೆ ಹುಡುಕಿದಂತೆ ಓದುಗ ಅಲ್ಲಿ ವಾಕ್ಯಗಳನ್ನು ಹುಡುಕಿಕೊಳ್ಳಬೇಕು.

ಇನ್ನೊಂದು ಸಂಗ್ರಹವೂ ಇತ್ತು: ಹೊಸ ಸಂಗೀತದ ಹಸ್ತಪ್ರತಿಗಳು. ಕಲಾವಿದರಿಗೆ ನೆರವಾಗುವ ನಿಧಿಯೊಂದಕ್ಕೆ ಹಣ ಕೂಡಿಸಲು ಪ್ರಪಂಚದಾದ್ಯಂತ ಸಂಯೋಜಕರಿಗೆ ಪತ್ರ ಬರೆದು ಒಂದೊಂದು ಹಾಳೆ ಕೇಳಿದರು. 269 ಸಂಯೋಜಕರ ಹಾಳೆಗಳು 1969ರಲ್ಲಿ ‘ನೋಟೇಷನ್ಸ್’ ಎಂಬ ಪುಸ್ತಕವಾದವು. ಹೆಸರಾಂತ, ಅನಾಮಧೇಯ ಎಂಬ ಭೇದವಿಲ್ಲದೆ ಅಕಾರಾದಿಯಾಗಿ ಜೋಡಣೆ. ಯಾರ ಬಗ್ಗೆ ಎಷ್ಟು ಪದ ಬರೆಯಬೇಕು ಎಂಬುದನ್ನು ಮಾತ್ರ ‘ಐ ಚಿಂಗ್’ ನಾಣ್ಯಗಳೇ ಹೇಳಿದವು.

1992ರ ಆಗಸ್ಟ್ 12ರಂದು, ಎಂಬತ್ತಕ್ಕೆ ಮೂರೇ ವಾರ ಇರುವಾಗ, ಕೇಜ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಎಷ್ಟು ಸಾಧ್ಯವೋ ಅಷ್ಟು ನಿಧಾನ ನುಡಿಸಿ ಎಂದು ಅವರು ಬರೆದಿಟ್ಟ ಆರ್ಗನ್ ಕೃತಿಯೊಂದನ್ನು ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಹಳೆಯ ಚರ್ಚಿನಲ್ಲಿ ಈಗ ನುಡಿಸಲಾಗುತ್ತಿದೆ. ಶುರುವಾದದ್ದು 2001ರಲ್ಲಿ, ಮುಗಿಯುವುದು 2640ರಲ್ಲಿ. ಒಟ್ಟು 639 ವರ್ಷ. ಮೊದಲ ಹದಿನೇಳು ತಿಂಗಳು ಆರ್ಗನ್ನಿನಿಂದ ಸ್ವರವೇ ಹೊರಡಲಿಲ್ಲ. ಕೃತಿ ಶುರುವಾಗುವುದೇ ವಿರಾಮದಿಂದ.

ಗುಡುಗಿನ ಮಾರನೆಯ ದಿನ

ನಮ್ಮ ಮಾತಿನಲ್ಲಿ ಅಣಬೆಗೆ ಅಷ್ಟೇನೂ ಮರ್ಯಾದೆಯಿಲ್ಲ. ಅಂಕೆಯಿಲ್ಲದೆ ಬೆಳೆದ ಬಡಾವಣೆಯನ್ನೋ ಕೋಚಿಂಗ್ ಸೆಂಟರನ್ನೋ ಬೈಯಬೇಕಾದಾಗ ‘ನಾಯಿಕೊಡೆಗಳಂತೆ ತಲೆಯೆತ್ತಿವೆ’ ಎನ್ನುತ್ತೇವೆ. ಬೆಲೆಯಿಲ್ಲದ್ದು, ರಾತ್ರೋರಾತ್ರಿ ಬಂದದ್ದು ಎಂದು ಅರ್ಥ. ಆದರೆ ಅಣಬೆ ರಾತ್ರೋರಾತ್ರಿ ಬರುವುದಿಲ್ಲ. ಕಣ್ಣಿಗೆ ಕಾಣುವ ಕೊಡೆ ಬರೀ ಹಣ್ಣು; ‘ಗಿಡ’ ಎನ್ನಬಹುದಾದದ್ದು ಮಣ್ಣೊಳಗೆ, ಕೊಳೆವ ಮರದೊಳಗೆ ಹತ್ತಿಯ ಎಳೆಗಳಂತೆ ಹಬ್ಬಿಕೊಂಡು ವರ್ಷಗಟ್ಟಲೆ ಕಾದಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಹುತ್ತದ ಬಳಿ ಏಳುವ ಅಣಬೆಗಳದ್ದಂತೂ ಇನ್ನೂ ಸೋಜಿಗ. ಗೆದ್ದಲುಗಳೇ ಗೂಡಿನೊಳಗೆ ಆ ಶಿಲೀಂಧ್ರವನ್ನು ಬೇಸಾಯ ಮಾಡುತ್ತವೆ. ಅಕ್ಕಿನುಚ್ಚು ಚೆಲ್ಲಿದಂತೆ ಏಳುವ ನುಚ್ಚಣಬೆಯೂ ಆ ಗೆದ್ದಲ ಹೊಲದ್ದೇ.

ಯಾವ ಸದ್ದಿಗೆ ಯಾವ ಅಣಬೆ ಏಳುತ್ತದೆ ಎಂಬ ಕೇಜ್ ಅವರ ತಮಾಷೆಯ ಪ್ರಶ್ನೆಗೆ ಈ ಕಡೆಯ ಅಜ್ಜಿಯಂದಿರು ತಮಾಷೆಯಿಲ್ಲದೆ ಉತ್ತರ ಕೊಡುತ್ತಾರೆ: ಗುಡುಗಿಗೆ. ಗುಡುಗಿದರೆ ನೆಲ ಬಿರಿದು ಅಣಬೆ ಏಳುತ್ತದೆ ಎಂಬುದು ಇಲ್ಲಿನ ಹಳೆಯ ನಂಬಿಕೆ. ಜಪಾನಿನಲ್ಲೂ ಇಂಥದೇ ನಂಬಿಕೆಯಿದೆ. ಅಲ್ಲಿನ ಇವಾಟೆ ವಿಶ್ವವಿದ್ಯಾಲಯದವರು ಅದರ ಬೆನ್ನು ಹತ್ತಿ, ಅಣಬೆ ಬೆಳೆಸುವ ಮರದ ತುಂಡುಗಳಿಗೆ ಮಿಂಚಿನಂಥ ವಿದ್ಯುತ್ ಹಾಯಿಸಿ ಫಸಲು ಹೆಚ್ಚುವುದನ್ನು ಕಂಡಿದ್ದಾರೆ. ಅದು ವಿದ್ಯುತ್ತಿನ ಮಾತು. ಸದ್ದಿಗೂ ಅದರಲ್ಲಿ ಪಾಲಿದೆ ಎಂದು ಅಜ್ಜಿಯಂದಿರ ಪರ ವಾದಕ್ಕೆ ನಿಲ್ಲುವ ಮನುಷ್ಯ ಕೇಜ್ ಒಬ್ಬರೇ ಇದ್ದರೇನೋ.

ಮುಂಗಾರಿನ ಮೊದಲ ಗುಡುಗು ಕೇಳಿದ ಮಾರನೆಯ ಬೆಳಿಗ್ಗೆ ಮಲೆನಾಡಿನಲ್ಲಿ ಕೆಲವರು ಬುಟ್ಟಿ ಹಿಡಿದು ಹೊರಡುತ್ತಾರೆ. ಹೋದ ವರ್ಷ ಎದ್ದ ಹುತ್ತ ಯಾವುದೆಂದು ಅವರಿಗೆ ನೆನಪಿರುತ್ತದೆ, ಪಕ್ಕದ ಮನೆಯವರಿಗೆ ಹೇಳಿರುವುದಿಲ್ಲ. ದಾರಿಯಲ್ಲಿ ಮಾತೂ ಆಡುವುದಿಲ್ಲ. ಎಲೆಗಳಿಂದ ಇನ್ನೂ ಹನಿ ಉದುರುತ್ತಿರುತ್ತದೆ, ಜೀರುಂಡೆ ನಿಂತು ಮತ್ತೆ ಹಚ್ಚಿಕೊಳ್ಳುತ್ತದೆ, ಕಾಲಡಿ ತರಗೆಲೆ ಒದ್ದೆಯಾಗಿ ಸದ್ದು ಕಳೆದುಕೊಂಡಿರುತ್ತದೆ. ಹುತ್ತದ ಹತ್ತಿರ ಬಂದಾಗ ಮುಂದೆ ಹೋಗುತ್ತಿದ್ದವರು ಕೈ ಎತ್ತಿ ಹಿಂದಿನವರನ್ನು ನಿಲ್ಲಿಸುತ್ತಾರೆ. ಎಲ್ಲಿ ಕಾಲಿಡಬಾರದೆಂದು ಮೊದಲು ನೋಡಿಕೊಳ್ಳಬೇಕು.